ಹಾಲ್‌ನಲ್ಲೊಂದು ಬಚ್ಚಲ ಒಲೆ

ನಮ್ಮ ಮನೆಯ ಫೈರ್‌ಪ್ಲೇಸನ್ನು ವೀಡಿಯೊ ಕಾಲ್‌ನಲ್ಲಿ ಮೊದಲ ಸಲ ನೋಡಿದಾಗ ಅಮ್ಮ ಹೇಳಿದ್ದು ಇಷ್ಟೇ: "ಅಲ್ವೇ, ಅಷ್ಟು ದುಡ್ಡು ಕೊಟ್ಟು ಮನೆ ತಗೊಂಡು ಹಾಲ್‌ನಲ್ಲಿ ಬಚ್ಚಲ ಒಲೆ ಇಟ್ಕೊಂಡಿದ್ದೀಯಲ್ಲೇ!"

ಅಮ್ಮನ ತಪ್ಪೇನಿಲ್ಲ. ನ್ಯೂಜೆರ್ಸಿಯಲ್ಲಿ ನಾವು ಕೊಂಡ ಟೌನ್‌ಹೌಸ್ 1986ರದ್ದು. ಗೋಡೆಯಲ್ಲಿ ಕೆಂಪು ಇಟ್ಟಿಗೆ, ಬಣ್ಣಗೆಟ್ಟ ಹಿತ್ತಾಳೆ ಅಂಚಿನ ಗಾಜಿನ ಬಾಗಿಲು, ಮೇಲೆಲ್ಲ ಮಸಿ. ಸಾಗರದ ಕಡೆಯ ನಮ್ಮಜ್ಜಿ ಮನೆಯ ಬಚ್ಚಲನ್ನು ನೋಡಿದವರಿಗೆ ಇದು ಅದರ ತಂಗಿ ಅಂತಲೇ ಅನ್ನಿಸಬೇಕು. ಎರಡು ಚಳಿಗಾಲ ಅದಕ್ಕೆ ಸೋಫಾ ಅಡ್ಡ ಇಟ್ಟು ಕಳೆದೆವು. ಮೂರನೇ ವರ್ಷ, ಈ ದೀಪಾವಳಿಯೊಳಗೆ ಟೈಲ್ಸ್ ಹಾಕಿಯೇ ಬಿಡೋಣ ಅಂತ ನಾನೂ ಗಂಡನೂ ಸೆಪ್ಟೆಂಬರ್‌ನಲ್ಲಿ ಕೆಲಸಕ್ಕೆ ಇಳಿದೆವು.

ಎಲ್ಲಕ್ಕಿಂತ ಮೊದಲು ಮಾಡಿಸಿದ್ದು ಚಿಮ್ನಿ ತಪಾಸಣೆ. ಕಟ್ಟಿಗೆ ಹೊಗೆ ಕೊಳವೆಯೊಳಗೆ ಕ್ರಿಯೋಸೋಟ್ ಅನ್ನೋ ಟಾರಿನಂಥ ಪದರವಾಗಿ ಅಂಟಿಕೊಳ್ಳುತ್ತೆ. ಅದಕ್ಕೆ ಬೆಂಕಿ ಹತ್ತಿದರೆ ಚಿಮ್ನಿಯೇ ಉರಿಯುತ್ತೆ. ಹಾಗಾಗಿ ವರ್ಷಕ್ಕೊಮ್ಮೆ ತೋರಿಸಬೇಕು. ಮೇಲಿನ ಅಲಂಕಾರವೆಲ್ಲ ಆಮೇಲಿನ ಮಾತು.

ಎರಡನೆಯದು ಅಳತೆ. ನಮ್ಮ ಒಲೆಯ ಬಾಯಿ 36 ಇಂಚು ಅಗಲ, 28 ಇಂಚು ಎತ್ತರ. ಅಂದರೆ 7 ಚದರ ಅಡಿ. ಬಾಯಿ 6 ಚದರ ಅಡಿಗಿಂತ ದೊಡ್ಡದಿದ್ದರೆ, ಮುಂದುಗಡೆ 20 ಇಂಚು, ಎರಡೂ ಪಕ್ಕ 12 ಇಂಚು ನೆಲ ಕಲ್ಲು, ಟೈಲ್ಸ್ ಥರದ ಸುಡದ ವಸ್ತುವಿನದ್ದೇ ಆಗಿರಬೇಕು. ಇದು ಇಲ್ಲಿನ ಸಾಮಾನ್ಯ ಕಟ್ಟಡ ನಿಯಮ. ಊರಿನ ನಿಯಮ ಇನ್ನೂ ಬಿಗಿ ಇರಬಹುದು, ಕೇಳಿಕೊಳ್ಳಿ.

ಮ್ಯಾಂಟಲ್, ಅಂದರೆ ಒಲೆಯ ಮೇಲಿನ ಮರದ ಹಲಗೆಗೂ ಲೆಕ್ಕ ಇದೆ. ಬಾಯಿಂದ 6 ಇಂಚಿನೊಳಗೆ ಮರ ಇರಲೇಬಾರದು. 12 ಇಂಚಿನೊಳಗೆ ಇದ್ದರೆ, ದೂರದ ಪ್ರತಿ ಇಂಚಿಗೆ ಎಂಟನೇ ಒಂದು ಇಂಚಿಗಿಂತ ಹೆಚ್ಚು ಮುಂದೆ ಚಾಚಬಾರದು. ನಮಗೋ ಗೊಂಬೆ ಕೂರಿಸೋಕೆ 8 ಇಂಚಿನ ಹಲಗೆ ಬೇಕಿತ್ತು. ಅದಕ್ಕೇ ಬಾಯಿಯ ಸುತ್ತ 12 ಇಂಚು ಟೈಲ್ಸ್, ಅದರ ಮೇಲೆ ಎರಡಿಂಚು ಬಿಟ್ಟು ಹಲಗೆ ಅಂತ ತೀರ್ಮಾನವಾಯ್ತು. 6 ಇಂಚಿನ ಚೌಕದ ಟೈಲು 40 ಬೇಕು. ಕತ್ತರಿಸುವಾಗ ಒಡೆಯೋದಕ್ಕೆ ಶೇಕಡಾ 10 ಸೇರಿಸಿ 44 ತಂದೆವು. ಬಣ್ಣ ಕೆಮ್ಮಣ್ಣಿನದ್ದು.

ಹಿತ್ತಾಳೆ ಅಂಚು ಕಿತ್ತಾಯ್ತು. ಇಟ್ಟಿಗೆ ಉಜ್ಜಿ ಉಜ್ಜಿ ಮಸಿ ತೆಗೆದಾಯ್ತು. ಉಬ್ಬುತಗ್ಗು ಸರಿ ಮಾಡೋಕೆ ಥಿನ್‌ಸೆಟ್ ತೆಳ್ಳಗೆ ಬಳಿದಾಯ್ತು. ಧೂಳಿಗೆ ಹೆದರಿ, ಅತ್ತೆ ಮೈಸೂರಿಂದ ಕಳಿಸಿದ ಪಟ್ಟದ ಗೊಂಬೆಗಳು ಈ ನವರಾತ್ರಿಗೆ ಡೈನಿಂಗ್ ಟೇಬಲ್ ಮೇಲೆ ಕೂತವು.

ಆಮೇಲೆ ಅಕ್ಟೋಬರ್‌ನ ಒಂದು ಮಂಗಳವಾರ, ಬೆಳಿಗ್ಗೆ 9:15ಕ್ಕೆ ಹದಿನೈದು ನಿಮಿಷದ ಒಂದು ಮೀಟಿಂಗ್ ಇನ್ವೈಟ್ ಬಂತು. ಏಳೇ ನಿಮಿಷಕ್ಕೆ ಮುಗೀತು. 9:40ಕ್ಕೆ ಲ್ಯಾಪ್‌ಟಾಪ್ ಲಾಕ್.

ನಿಮ್ಮಲ್ಲಿ ಕೆಲವರಿಗೆ ಈ ಲೆಕ್ಕ ಬಾಯಿಪಾಠ ಇರುತ್ತೆ. ಎಚ್-1ಬಿ ವೀಸಾದಲ್ಲಿ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಇನ್ನೊಂದು ಕಂಪನಿ ನಮ್ಮ ಪರವಾಗಿ ಅರ್ಜಿ ಹಾಕಬೇಕು, ಇಲ್ಲಾ ಬೇರೆ ವೀಸಾಕ್ಕೆ ಅರ್ಜಿ ಕೊಡಬೇಕು, ಇಲ್ಲಾ ಹೊರಡಬೇಕು. ಗಂಡನ ವೀಸಾ ನನ್ನದಕ್ಕೆ ಜೋಡಿಸಿದ್ದು. ಮನೆ ಸಾಲ ಇಬ್ಬರ ಹೆಸರಲ್ಲಿ.

ಆ ರಾತ್ರಿ ಅವನು ಟೈಲ್ಸ್ ಡಬ್ಬಗಳ ಮೇಲೆ ಕೂತು ಮೆಲ್ಲಗೆ ಕೇಳಿದ, "ರಸೀದಿ ಇದೆ. ಇವನ್ನ ವಾಪಸ್ ಕೊಟ್ಟುಬಿಡೋಣ್ವಾ?" ನಾನು ಏನೂ ಹೇಳಲಿಲ್ಲ. ಮನೆ ಮಾರೋದಾದರೆ ಅರ್ಧ ಕಿತ್ತ ಒಲೆ ಯಾರಿಗೆ ಬೇಕು? ಬಿಟ್ಟು ಹೋಗೋದಾದರೆ ಅಲಂಕಾರ ಯಾರಿಗೋಸ್ಕರ? ಹತ್ತು ದಿನ ಡಬ್ಬ ಇದ್ದಲ್ಲೇ ಇತ್ತು. ಬೆಳಗಿನಿಂದ ರಾತ್ರಿವರೆಗೆ ಅರ್ಜಿ, ಇಂಟರ್‌ವ್ಯೂ, ಮತ್ತೆ ಅರ್ಜಿ. ಊರಿಗೆ ಹೇಳಿರಲಿಲ್ಲ.

ಅಮ್ಮನೇ ಹಿಡಿದಳು. "ಒಲೆ ಯಾಕೆ ಅರ್ಧಕ್ಕೆ ಬಿಟ್ಟಿದ್ದೀಯೇ? ದೀಪಾವಳಿಗೆ ಇನ್ನು ಐದೇ ದಿನ." ಏನೋ ಸುಳ್ಳು ಹೇಳಲು ಹೋದೆ, ದನಿ ಬರಲಿಲ್ಲ. ಎಲ್ಲ ಹೇಳಿಬಿಟ್ಟೆ.

ಅಮ್ಮ ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಮಾಡ್ತಿದ್ದೀಯಾ?" ಅಂದಳು. ಆಮೇಲೆ ಅಜ್ಜಿಯ ಬಚ್ಚಲಿನ ಸುದ್ದಿ ತೆಗೆದಳು. ನೀರು ತುಂಬುವ ಹಬ್ಬದ ದಿನ ಅಜ್ಜಿ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜೋರು. ಒಲೆಗೆ ಕೆಮ್ಮಣ್ಣು ಬಳಿದು, ಸುಣ್ಣದಲ್ಲಿ ಬಿಳಿ ಪಟ್ಟೆ ಎಳೆದು, ಹಂಡೆಯ ಕೊರಳಿಗೆ ಹಿಂಡ್ಲೆಬಳ್ಳಿ ಸುತ್ತೋರು. ಮರುದಿನ ಬೆಳಗಿನ ಜಾವ ಎಲ್ಲರ ಎಣ್ಣೆಸ್ನಾನ ಮುಗಿಯೋ ಹೊತ್ತಿಗೆ ಪಟ್ಟೆಯೆಲ್ಲ ಕಪ್ಪು. ಚಿಕ್ಕವಳಿದ್ದಾಗ ಇದಕ್ಕಾಗಿ ನಾನು ಅತ್ತಿದ್ದೆನಂತೆ, ನನಗೆ ನೆನಪಿಲ್ಲ.

"ಮಸಿ ಆಗತ್ತೆ ಅಂತ ಯಾರಾದ್ರೂ ಒಲೆ ಸಾರಿಸದೇ ಬಿಡ್ತಾರೇನೇ?" ಅಂದಳು ಅಮ್ಮ. "ಇರೋಷ್ಟು ದಿನ ಅದು ನಿನ್ನ ಮನೆ. ಮುಗಿಸು."

ಮಾರನೇ ದಿನ ಶನಿವಾರ. ಇಂಟರ್‌ವ್ಯೂ ಇರಲಿಲ್ಲ. ಡಬ್ಬ ಒಡೆದೆವು.

ನೀವೂ ಮಾಡೋದಾದರೆ ನಾವು ಕಲಿತದ್ದು ಕೇಳಿ. ಬೆಂಕಿ ಉರಿಯುವ ಗೂಡಿನ ಒಳಗೆ ಟೈಲ್ಸ್ ಬೇಡ, ಅಲ್ಲಿ ಶಾಖ ತಡೆಯುವ ಇಟ್ಟಿಗೆ, ಅದಕ್ಕೆಂದೇ ಇರುವ ಗಾರೆ ಮಾತ್ರ. ಹೊರಗಿನ ಸುತ್ತಿಗೆ ಸೆರಾಮಿಕ್, ಪೋರ್ಸಲೀನ್, ಕಲ್ಲು ಎಲ್ಲ ನಡೆಯುತ್ತೆ. ಹಿಂದಿನ ಕಾಗದ ಕಿತ್ತು ಅಂಟಿಸುವ ವಿನೈಲ್ ಟೈಲ್ಸ್ ನೋಡೋಕೆ ಚೆಂದ, ಶಾಖಕ್ಕೆ ಆಗಲ್ಲ. ಬಕೆಟ್‌ನಲ್ಲಿ ಸಿಗುವ ಮ್ಯಾಸ್ಟಿಕ್ ಅಂಟೂ ಬಿಸಿಗೆ ಮೆತ್ತಗಾಗುತ್ತೆ, ನೀರಲ್ಲಿ ಕಲಸುವ ಸಿಮೆಂಟಿನ ಥಿನ್‌ಸೆಟ್ ತನ್ನಿ. ಬಾಯಿಯ ಮೇಲಿನ ಸಾಲಿಗೆ ಕೆಳಗೊಂದು ಮರದ ಪಟ್ಟಿ ಆಸರೆ ಕೊಡಿ, ಇಲ್ಲದಿದ್ದರೆ ಹಸಿ ಟೈಲು ಮೆಲ್ಲಗೆ ಜಾರುತ್ತೆ. ನಮ್ಮದು ಎರಡು ಜಾರಿ ಬಿದ್ದು ಒಡೆದವು, ಆಮೇಲೆ ಬುದ್ಧಿ ಬಂತು. 24 ಗಂಟೆ ಬಿಟ್ಟು ಗ್ರೌಟ್ ತುಂಬಿದೆವು.

ಗ್ರೌಟಿನ ಬಣ್ಣಕ್ಕೆ ದೊಡ್ಡ ಚರ್ಚೆ. ಅಂಗಡಿಯವನು ಕಡು ಬೂದು ತಗೊಳ್ಳಿ, ಮಸಿ ಕಾಣಲ್ಲ ಅಂದಿದ್ದ. ನಾನು ಬಿಳಿ ತಂದೆ. ಕೆಮ್ಮಣ್ಣಿನ ನಡುವೆ ಬಿಳಿ ಗೆರೆ ಒಣಗಿ ಎದ್ದಾಗ ಫೋಟೊ ಕಳಿಸಿದೆ. ಅಮ್ಮ ಅದನ್ನು ಫ್ಯಾಮಿಲಿ ಗ್ರೂಪ್‌ಗೆ ಹಾಕಿ, ಕೆಳಗೆ "ಅಜ್ಜಿ ಬಚ್ಚಲು, ಅಮೆರಿಕಾ ಬ್ರಾಂಚ್" ಅಂತ ಬರೆದಳು. ಒಣಗಿದ ಮೇಲೆ ಸೀಲರ್ ಮಾತ್ರ ಹಚ್ಚಿದ್ದೇವೆ, ಕಲೆ ಅಷ್ಟು ಬೇಗ ಇಳಿಯಲ್ಲ.

ನೀರು ತುಂಬುವ ದಿನ ಒಲೆಯ ಮುಂದೆ ತಾಮ್ರದ ಬಿಂದಿಗೆ ಇಟ್ಟೆವು. ಹಿಂಡ್ಲೆಬಳ್ಳಿ ಇಲ್ಲೆಲ್ಲಿ ಸಿಗಬೇಕು? ಚೆಂಡು ಹೂವಿನ ಮಾಲೆ ಸುತ್ತಿದೆವು. ಒಲೆ ಹಚ್ಚಲಿಲ್ಲ. ಹೊಸ ಥಿನ್‌ಸೆಟ್ ಪೂರ್ತಿ ಗಟ್ಟಿಯಾಗೋಕೆ ಚೀಲದ ಮೇಲೆ ಬರೆದಷ್ಟು ದಿನ ಬಿಡಲೇಬೇಕು. ಖಾಲಿ ಗೂಡಿನೊಳಗೆ ಐದು ಹಣತೆ ಇಟ್ಟೆವು, ಅಷ್ಟೇ.

ಐವತ್ತಮೂರನೇ ದಿನ ಹೊಸ ಕಂಪನಿ ನನ್ನ ಅರ್ಜಿ ಹಾಕಿತು. ಸಂಬಳ ಮೊದಲಿಗಿಂತ ಕಡಿಮೆ. ಅವತ್ತು ಸಂಜೆ ಮೊದಲ ಬೆಂಕಿ ಹಚ್ಚಿದೆವು. ಹೊರಗೆ ಹಿಮ ಏನೂ ಬೀಳುತ್ತಿರಲಿಲ್ಲ, ಸುಮ್ಮನೆ ಜಿಟಿಜಿಟಿ ಮಳೆ.

ಡಿಸೆಂಬರ್‌ನಲ್ಲಿ ಮ್ಯಾಂಟಲ್ ಮೇಲೆ ಹಿತ್ತಲಲ್ಲಿ ಆಯ್ದ ಪೈನ್ ಕಾಯಿ, ಎಲ್‌ಇಡಿ ಸರ. ಮೊನ್ನೆ ಸಂಕ್ರಾಂತಿಗೆ ಕಬ್ಬಿನ ತುಂಡು, ಎಳ್ಳು-ಬೆಲ್ಲದ ಬಟ್ಟಲು. ಹಬ್ಬ ಯಾವುದೇ ಇರಲಿ, ನಮ್ಮದೊಂದೇ ನಿಯಮ: ಬೆಂಕಿ ಹಚ್ಚೋ ಮೊದಲು ನೇತಾಡೋದೆಲ್ಲ, ಒಣಗಿದ್ದೆಲ್ಲ ತೆಗೆದಿಡಬೇಕು, ಮುಂದೆ ಜಾಲರಿ ಇರಬೇಕು. ಬೂದಿಯನ್ನು ಮುಚ್ಚಳ ಇರೋ ಲೋಹದ ಡಬ್ಬಕ್ಕೆ ತುಂಬಿ ಮನೆಯಿಂದ ಹೊರಗೆ, ದೂರ ಇಡಬೇಕು. ಒಳಗಿನ ಕೆಂಡ ಎಷ್ಟೋ ದಿನ ಜೀವ ಹಿಡಿದಿರುತ್ತೆ.

ನಿನ್ನೆ ನೋಡಿದೆ, ಬಾಯಿಯ ಮೇಲಂಚಿನ ಬಿಳಿ ಗೆರೆ ಆಗಲೇ ಸ್ವಲ್ಪ ಕಪ್ಪಾಗಿದೆ. ಒರೆಸಬೇಕು. ಈ ಭಾನುವಾರ ಒರೆಸ್ತೀನಿ.