ರ‍್ಯಾಮ್ ಹೆಚ್ಚಿದರೆ ಡಿಸ್ಕಿನ ಜಾಗ ಏಕೆ ಕಡಿಮೆ?

ಕಂಪ್ಯೂಟರ್ ವಿಷಯ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳಲ್ಲಿ ಹೀಗೊಂದು ಮಾತು ಕಾಣುತ್ತದೆ: ರ‍್ಯಾಮ್ ತಾತ್ಕಾಲಿಕ ಸ್ಮೃತಿ, ಹಾರ್ಡ್ ಡಿಸ್ಕ್ ಶಾಶ್ವತ ಸಂಗ್ರಹ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಮೊದಲೆರಡು ಸರಿ. ಮೂರನೆಯದನ್ನು ಯೋಜನೆಯಿಂದ ತೆಗೆಯಬೇಕು ಎಂಬುದು ನನ್ನ ವಾದ.

ಶಾಲೆಯ ಹಳೆಯ ಯಂತ್ರ ನಿಧಾನವಾದರೆ ಕಡಿಮೆ ಖರ್ಚಿನ ದಾರಿ ರ‍್ಯಾಮ್ ಹಾಕಿಸುವುದು. 4 ಜಿಬಿ ಇದ್ದದ್ದು 16 ಆಗುತ್ತದೆ, ವೇಗವೂ ಬರುತ್ತದೆ. ಆದರೆ ವಿಂಡೋಸ್‌ನಲ್ಲಿ ಹೈಬರ್ನೇಟ್ ಸೌಲಭ್ಯ ಚಾಲೂ ಇದ್ದರೆ ಸಿ ಡ್ರೈವ್‌ನ ಖಾಲಿ ಜಾಗ ಇಳಿಯುತ್ತದೆ. ಕಾರಣ ತಿಳಿಯದವರು ವೈರಸ್ ಎಂದುಕೊಂಡು ಫಾರ್ಮ್ಯಾಟ್‌ಗೆ ಕೈಹಾಕಬಹುದು. ಆಗ ನುಡಿಯಲ್ಲಿ ಟೈಪ್ ಮಾಡಿಟ್ಟ ವರ್ಷದ ಅಂಕಪಟ್ಟಿಯೂ ಹೋಗುತ್ತದೆ.

ಮೊಳಕಾಲ್ಮೂರಿನ ಮಕ್ಕಳಿಗೆ ಮಗ್ಗ ಪರಿಚಿತ. ಮಗ್ಗದ ಮೇಲಿರುವ ಸೀರೆ ರ‍್ಯಾಮ್, ನೇಯ್ದು ಪೆಟ್ಟಿಗೆಗೆ ಇಟ್ಟದ್ದು ಡಿಸ್ಕ್ ಎಂದರೆ ಕೂಡಲೇ ಹಿಡಿಯುತ್ತಾರೆ. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಹೇಳಿ. ನೇಕಾರ ರಾತ್ರಿ ಎದ್ದುಹೋದರೂ ಹಾಸು ಮಗ್ಗದಲ್ಲೇ ಇರುತ್ತದೆ. ರ‍್ಯಾಮ್ ಹಾಗಲ್ಲ, ವಿದ್ಯುತ್ ನಿಂತರೆ ಬರಿದು. ಆದ್ದರಿಂದ ಹೈಬರ್ನೇಟ್ ಆಗುವ ಯಂತ್ರ ಅಲ್ಲಿದ್ದುದನ್ನು ಡಿಸ್ಕಿಗೆ ಇಳಿಸಬೇಕು, ಅದಕ್ಕೆ ಜಾಗವನ್ನು ಮೊದಲೇ ಕಾಯ್ದಿರಿಸಬೇಕು. ಒತ್ತಿ ಚಿಕ್ಕದಾಗಿಸಿ ಬರೆಯುವುದರಿಂದ ರ‍್ಯಾಮ್‌ನಷ್ಟೇ ಜಾಗ ಬೇಕಿಲ್ಲ. ವಿಂಡೋಸ್ 7ರಲ್ಲಿ ಅದು ರ‍್ಯಾಮ್‌ನ ಶೇ 75, ವಿಂಡೋಸ್ 10ರಲ್ಲಿ ಸಾಮಾನ್ಯವಾಗಿ ಶೇ 40. ಅಂದರೆ 1.6 ಜಿಬಿ ಇದ್ದ ಕಡತ 6.4 ಆಗುತ್ತದೆ. 120 ಜಿಬಿಯ ಎಸ್‌ಎಸ್‌ಡಿಯಲ್ಲಿ ಇದು ಸಣ್ಣದಲ್ಲ.

ಪೇಜ್ ಫೈಲ್‌ನ ಕಥೆ ಇಷ್ಟು ನೇರವಲ್ಲ. ಅದರ ಗಾತ್ರವನ್ನು ವಿಂಡೋಸ್‌ಗೇ ಬಿಟ್ಟಾಗ ಅದರ ಮಿತಿಗಳೂ ರ‍್ಯಾಮ್ ನೋಡಿಯೇ ನಿರ್ಧಾರವಾಗುತ್ತವೆ. ಆದರೆ ರ‍್ಯಾಮ್ ಧಾರಾಳವಾದರೆ ಅದರ ಬಳಕೆ ತಗ್ಗಲೂಬಹುದು. ಉಬುಂಟುವಿನಲ್ಲಿ ಸ್ವಾಪ್ ಅನುಸ್ಥಾಪನೆಯ ವೇಳೆಯೇ ನಿಗದಿಯಾಗುತ್ತದೆ, ರ‍್ಯಾಮ್ ಸೇರಿಸಿದರೆ ತಾನಾಗಿ ಬೆಳೆಯದು.

ಚಳ್ಳಕೆರೆ ಬಳಿಯ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರು ಪ್ರಯೋಗಗಳನ್ನು ಕೈಯಾರೆ ಮಾಡಿ ತರಬೇತಿ ಪಡೆಯುತ್ತಾರೆ. ಕಂಪ್ಯೂಟರ್ ಪಾಠ ಮಾತ್ರ ಕಪ್ಪುಹಲಗೆಯ ವ್ಯಾಖ್ಯೆಯಲ್ಲಿ ಏಕೆ ಮುಗಿಯಬೇಕು? ಈ ಪ್ರಾತ್ಯಕ್ಷಿಕೆಗೆ ಹೊಸ ರ‍್ಯಾಮ್ ಕೊಳ್ಳಬೇಕಿಲ್ಲ. ಸಿ ಡ್ರೈವ್‌ನ ಖಾಲಿ ಜಾಗವನ್ನು ಮಕ್ಕಳಿಂದ ಬರೆಸಿ. ಶಿಕ್ಷಕರೇ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಹೈಬರ್ನೇಟ್ ನಿಲ್ಲಿಸಲಿ. ಮತ್ತೆ ಬರೆಸಿ, ವ್ಯತ್ಯಾಸವನ್ನು ರ‍್ಯಾಮ್‌ನಿಂದ ಭಾಗಿಸಿ ಶೇಕಡಾವಾರು ತೆಗೆಯಲಿ. ಗಣಿತದ ಅಭ್ಯಾಸವೂ ಆಯಿತು.

ಪಾಠ ಮುಗಿದ ಮೇಲೆ ಲ್ಯಾಪ್‌ಟಾಪ್‌ಗಳಲ್ಲಿ ಹೈಬರ್ನೇಟನ್ನು ಮರಳಿ ಚಾಲೂ ಮಾಡಿ. ಕರೆಂಟ್ ಹೋಗಿ ಬ್ಯಾಟರಿಯೂ ಇಳಿದಾಗ ತೆರೆದಿಟ್ಟ ಕೆಲಸ ಉಳಿಯುವುದು ಅದರಿಂದಲೇ. ಡೆಸ್ಕ್‌ಟಾಪ್‌ಗಳಲ್ಲಿ ನಿಲ್ಲಿಸಿಯೇ ಬಿಟ್ಟರೆ ಫಾಸ್ಟ್ ಸ್ಟಾರ್ಟಪ್ ಸಹ ಹೋಗುತ್ತದೆ, ಯಂತ್ರ ಆನ್ ಆಗಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ.