ಬಾಡಿಗೆ ಏರಿಸುವುದೇ, ಬಿಡುವುದೇ?

ಯಡಿಯೂರಿನಲ್ಲಿ ನಮ್ಮ ಮನೆಯ ಹಿಂಬದಿಗೆ ಎರಡು ಕೋಣೆಗಳ ಪುಟ್ಟ ಮನೆಯೊಂದಿದೆ. ಸಿದ್ಧಲಿಂಗೇಶ್ವರ ದೇವಸ್ಥಾನದ ಬಳಿ ಹಣ್ಣುಕಾಯಿ ಮಾರುವ ಕುಟುಂಬವೊಂದು ಒಂಬತ್ತು ವರ್ಷಗಳಿಂದ ಅಲ್ಲಿದೆ. ಬಾಡಿಗೆ ಅಂದಿಗೂ ಇಂದಿಗೂ 3,000 ರೂಪಾಯಿ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ದೇವಸ್ಥಾನಗಳು ಮುಚ್ಚಿದಾಗ ಅವರ ವ್ಯಾಪಾರವೇ ನಿಂತಿತು. ಬಾಡಿಗೆ ಬೇಡವೆಂದೆ. ಜನ ಮತ್ತೆ ಬರತೊಡಗಿದ ಮೇಲೆ ಆ ಬಾಕಿಯನ್ನೂ ಅವರು ಕಂತುಕಂತಾಗಿ ತಂದುಕೊಟ್ಟರು.

ಕಳೆದ ಯುಗಾದಿಗೆ ಬಂದ ಮಗ, "ಅಕ್ಕಪಕ್ಕದವರು 5,000 ತಗೊಳ್ತಾರೆ, ನೀವೇಕೆ ಬಿಡಬೇಕು?" ಎಂದ. ಹೆದ್ದಾರಿ ಮೊದಲೇ ಇತ್ತು. 2017ರಲ್ಲಿ ರೈಲೂ ಬಂತು. ಬಾಡಿಗೆ ಏರಿದ್ದು ನಿಜವೇ.

ಗಣಿತದ ಮೇಷ್ಟ್ರಾದ ನಾನು ಕಾಗದ ತೆಗೆದುಕೊಂಡು ಕುಳಿತೆ. ಈಗ ವರ್ಷಕ್ಕೆ ಬರುವುದು 36,000. ಒಮ್ಮೆಲೇ 5,000 ಎಂದರೆ ಇವರು ಬಿಟ್ಟುಹೋಗುತ್ತಾರೆ. ಎರಡು ತಿಂಗಳು ಮನೆ ಖಾಲಿ ಬಿದ್ದರೆ ಉಳಿದ ಹತ್ತು ತಿಂಗಳಿಗೆ 50,000. ಸುಣ್ಣಬಣ್ಣ, ರಿಪೇರಿಗೆ 15,000 ಕಳೆದರೆ ಉಳಿಯುವುದು 35,000. ಎರಡನೆಯ ವರ್ಷದಿಂದ ಮಗನ ಲೆಕ್ಕವೇ ಗೆಲ್ಲುತ್ತದೆ, ಒಪ್ಪುತ್ತೇನೆ. ಆದರೆ ಹೊಸಬರೂ ಇವರಂತೆಯೇ ಇದ್ದರೆ ಮಾತ್ರ. ಹಾಗಾಗಿ ಬಾಡಿಗೆಯನ್ನು ಏರಿಸದಿರುವುದೇ ಲೇಸೆಂದು ನನ್ನ ಔದಾರ್ಯಕ್ಕೆ ನಾನೇ ತಲೆದೂಗಿದೆ.

ಆ ಭ್ರಮೆ ಹರಿದದ್ದು ಮಳೆಗಾಲದಲ್ಲಿ. ಯಾವುದೋ ಕೆಲಸಕ್ಕೆಂದು ಅವರ ಮನೆಯೊಳಗೆ ಹೋದವನಿಗೆ ಮೂಲೆಯಲ್ಲಿಟ್ಟ ಬಕೆಟ್ ಕಾಣಿಸಿತು. ತಾರಸಿ ಎರಡು ವರ್ಷಗಳಿಂದ ಸೋರುತ್ತಿತ್ತಂತೆ. ಹೇಳಲಿಲ್ಲವೇಕೆ ಎಂದರೆ ಆ ಹೆಣ್ಣುಮಗಳು, "ಕಮ್ಮಿ ಬಾಡಿಗೆ ತಗೊಳ್ತಿದ್ದೀರ ಮೇಷ್ಟ್ರೇ, ಅದರ ಮೇಲೆ ಮನೆ ಸೋರ್ತದೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ? ಯಾವತ್ತು ಖಾಲಿ ಮಾಡಿ ಅಂತೀರೋ ಅನ್ನೋ ಭಯ ಬೇರೆ" ಎಂದರು.

ನನಗೆ ನಾಚಿಕೆಯಾಯಿತು. ನಾನು ಔದಾರ್ಯವೆಂದುಕೊಂಡದ್ದು ನಿಜವಾಗಿ ಸಂಕೋಚ. ಬಾಡಿಗೆಯ ಮಾತೆತ್ತಲು ನನಗೆ ಧೈರ್ಯವಿರಲಿಲ್ಲ, ಅಷ್ಟೆ. ಆ ಮೌನ ಅವರ ಬಾಯನ್ನೂ ಕಟ್ಟಿಹಾಕಿತ್ತು. ನನ್ನ ಕಾಲಾನಂತರ ಮಗ ಒಮ್ಮೆಗೇ ದುಪ್ಪಟ್ಟು ಕೇಳಿದರೆ, ಒಂಬತ್ತು ವರ್ಷಗಳ ನನ್ನ ಹಿಂಜರಿಕೆಯ ಹೊರೆಯನ್ನು ಅವರು ಒಂದೇ ದಿನ ಹೊರಬೇಕಾಗುತ್ತಿತ್ತು.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ: ಒಳ್ಳೆಯ ಬಾಡಿಗೆದಾರರಿಗೂ ಬಾಡಿಗೆ ಏರಿಸಬೇಕು, ಆದರೆ ಸ್ವಲ್ಪ ಸ್ವಲ್ಪವಾಗಿ, ಮೊದಲೇ ತಿಳಿಸಿ, ಬರಹದಲ್ಲಿ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯೂ ಹೆಚ್ಚಳಕ್ಕೆ ಮೂರು ತಿಂಗಳ ಮೊದಲು ಲಿಖಿತ ಸೂಚನೆ ಬೇಕೆನ್ನುತ್ತದೆ. ಅದು ಮಾದರಿಯಷ್ಟೆ, ರಾಜ್ಯಗಳು ಅಳವಡಿಸಿಕೊಂಡರೆ ಮಾತ್ರ ಅನ್ವಯ. ಆದರೂ ಅದರೊಳಗಿನ ನ್ಯಾಯವನ್ನು ಪಾಲಿಸಲು ನಮಗೆ ಯಾರ ಅಪ್ಪಣೆ ಬೇಕು?

ಮೊದಲು ತಾರಸಿ ರಿಪೇರಿ ಮಾಡಿಸಿದೆ. ಆಮೇಲೆ ಇಬ್ಬರೂ ಕುಳಿತು ಮಾತಾಡಿ, ಮೂರು ತಿಂಗಳ ನಂತರ 3,600, ಮುಂದೆ ವರ್ಷಕ್ಕೆ ಶೇಕಡಾ 5 ಎಂದು ಕರಾರು ಬರೆದುಕೊಂಡೆವು. ಮಗ ಗೊಣಗಿದ. ಆಕೆಯಾದರೋ ಸಹಿ ಹಾಕಿದ ಮರುದಿನವೇ ಬಂದು, "ಮೇಷ್ಟ್ರೇ, ಬಚ್ಚಲ ನಲ್ಲಿ ಕೆಟ್ಟಿದೆ" ಎಂದರು. ಒಂಬತ್ತು ವರ್ಷಗಳಲ್ಲಿ ಅವರು ನನ್ನಲ್ಲಿ ಕೇಳಿದ ಮೊದಲ ರಿಪೇರಿ ಅದು.