ಸಣ್ಣ ಪ್ರಶ್ನೆಗೂ ಜಾಗ ಇರಲಿ, ಅದಕ್ಕೊಂದು ಕ್ರಮವೂ ಇರಲಿ



ಈಗ ಬಹುತೇಕ ಡೇರಿಗಳಿಗೆ ಒಂದು ವಾಟ್ಸ್‌ಆ್ಯಪ್ ಗುಂಪು ಇದೆ. ಹಾಲಿನ ದರ ಬದಲಾದದ್ದು, ಪಶು ಆಹಾರದ ಲೋಡು ಬಂದದ್ದು, ಕಾಲುಬಾಯಿ ಜ್ವರದ ಲಸಿಕೆ ಯಾವ ದಿನ ಎಂಬುದು, ಎಲ್ಲವೂ ಅದರಲ್ಲೇ ತಿಳಿಯುತ್ತದೆ. ಸದಸ್ಯರು ಪ್ರಶ್ನೆ ಹಾಕುತ್ತಾರೆ, ಬಲ್ಲವರು ಉತ್ತರ ಕೊಡುತ್ತಾರೆ. ಇದು ದೊಡ್ಡ ಅನುಕೂಲ. ಆದರೆ ಇತ್ತೀಚೆಗೆ ಇಂಥ ಗುಂಪುಗಳಲ್ಲಿ ಒಂದು ಮಾತು ಕೇಳಿಬರುತ್ತಿದೆ: "ಇಷ್ಟು ಸಣ್ಣ ವಿಷಯ ಇಲ್ಲಿ ಕೇಳಬೇಡಿ, ಗುಂಪು ಹಾಳಾಗುತ್ತದೆ." ಕೆಲವು ಕಡೆ ಗುಂಪು ನಡೆಸುವವರು ಅಂಥ ಪ್ರಶ್ನೆಗಳನ್ನು ಅಳಿಸಿಯೇ ಬಿಡುತ್ತಾರೆ. ಇನ್ನು ಕೆಲವು ಕಡೆ ಅಳಿಸುವುದಿಲ್ಲ, ನಗುವ ಚಿತ್ರ ಹಾಕುತ್ತಾರೆ. ಪರಿಣಾಮ ಎರಡರದ್ದೂ ಒಂದೇ. ಕೇಳಿದವರು ಮತ್ತೆ ಕೇಳುವುದಿಲ್ಲ.

ಗುಂಪಿಗೆ ಕ್ರಮ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಪ್ರಶ್ನೆ ಸಣ್ಣದು ಎಂಬುದೊಂದೇ ಅದನ್ನು ಅಳಿಸಲು ಕಾರಣವಾಗಬಾರದು ಎಂಬುದು ನನ್ನ ಅಭಿಪ್ರಾಯ.

ಮೊದಲು ಕ್ರಮ ಬೇಕು ಎನ್ನುವವರ ಮಾತು ಕೇಳೋಣ. ಅವರ ಕಷ್ಟ ನಿಜ. ಇನ್ನೂರು ಮುನ್ನೂರು ಜನರಿರುವ ಗುಂಪಿನಲ್ಲಿ ವಾರಕ್ಕೆ ನಾಲ್ಕು ಸಲ "ಖನಿಜ ಮಿಶ್ರಣ ಎಷ್ಟು ಹಾಕಬೇಕು?" ಎಂದು ಬರುತ್ತದೆ. ಮೇಲೆ ಹುಡುಕಿದರೆ ಉತ್ತರ ಅಲ್ಲೇ ಇರುತ್ತದೆ, ಯಾರೂ ಹುಡುಕುವುದಿಲ್ಲ. ಹತ್ತು ಸಲ ಉತ್ತರ ಬರೆದ ಅನುಭವಿ ರೈತರು ಹನ್ನೊಂದನೇ ಸಲ ಸುಮ್ಮನಾಗುತ್ತಾರೆ. ಪಶುವೈದ್ಯರು ಹಗಲೆಲ್ಲ ಊರೂರು ಸುತ್ತಿ ರಾತ್ರಿ ಫೋನ್ ತೆಗೆದರೆ ಐವತ್ತು ಸಂದೇಶ ಬಿದ್ದಿರುತ್ತವೆ. ಅವುಗಳ ನಡುವೆ ಹೊಟ್ಟೆ ಉಬ್ಬರಿಸಿದ ಹಸುವಿನ ಒಂದು ಸಂದೇಶ ಮುಚ್ಚಿಹೋಗಿರುತ್ತದೆ. ಬಲ್ಲವರು ಬೇಸತ್ತು ಗುಂಪು ಬಿಟ್ಟರೆ ಉಳಿಯುವುದು ಕೇಳುವವರು ಮಾತ್ರ. ಆಗ ಗುಂಪು ಇದ್ದೂ ಇಲ್ಲದಂತೆ.

ಇನ್ನು ಸಣ್ಣ ಪ್ರಶ್ನೆ ಎಂದರೆ ಯಾವುದು ಎಂದು ನೋಡೋಣ. "ಕಸ ಬೀಳುವ ಮುಂಚೆ ಕರುವಿಗೆ ಗಿಣ್ಣು ಹಾಲು ಕುಡಿಸಬಹುದಾ?" ಇಪ್ಪತ್ತು ವರ್ಷ ಹಸು ಸಾಕಿದವರಿಗೆ ಇದು ಕೇಳುವ ಪ್ರಶ್ನೆಯೇ ಅಲ್ಲ. ಆದರೆ ಕಸ ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡಬಾರದು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಹುಟ್ಟಿದ ಕರುವಿನ ಮೈಯಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೇ ಇಲ್ಲ ಎನ್ನಬೇಕು. ಅದು ಬರುವುದು ಗಿಣ್ಣು ಹಾಲಿನಿಂದ. ಆ ಶಕ್ತಿಯನ್ನು ಕರುಳು ಹೀರಿಕೊಳ್ಳುವುದು ಗಂಟೆ ಗಂಟೆಗೂ ಕಡಿಮೆಯಾಗುತ್ತಾ ಸುಮಾರು 24 ಗಂಟೆಯೊಳಗೆ ನಿಂತೇ ಹೋಗುತ್ತದೆ. ಹಾಗಾಗಿ ಹುಟ್ಟಿದ ಒಂದು ಎರಡು ಗಂಟೆಯೊಳಗೆ ಮೊದಲ ಗಿಣ್ಣು ಹೊಟ್ಟೆ ಸೇರಬೇಕು. ಮೊದಲ ದಿನ ಒಟ್ಟಾರೆ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು, ಅಂದರೆ 30 ಕೆ.ಜಿ. ಕರುವಿಗೆ ಸುಮಾರು 3 ಲೀಟರ್, ಬೇಕು. ಕಸ ಬೀಳಲಿ ಎಂದು ಕಾದರೆ ಎಂಟು ಹತ್ತು ಗಂಟೆ ಹೋಗಬಹುದು. ಹೊಸದಾಗಿ ಹಸು ಕಟ್ಟಿದ ಹುಡುಗ ರಾತ್ರಿ ಹನ್ನೊಂದಕ್ಕೆ ಈ ಪ್ರಶ್ನೆ ಹಾಕಿದಾಗ ನಾವು ನಕ್ಕರೆ, ಅದರ ಬೆಲೆ ತೆರುವುದು ಕರು.

ಇನ್ನೊಂದು ನೋಡಿ. "ಬೆಳಿಗ್ಗೆ ಫ್ಯಾಟ್ ಕಡಿಮೆ, ಸಂಜೆ ಜಾಸ್ತಿ ಯಾಕೆ ಬರುತ್ತೆ?" ಉತ್ತರ ಕಷ್ಟದ್ದಲ್ಲ. ಸಂಜೆಯಿಂದ ಬೆಳಿಗ್ಗೆವರೆಗೆ ಕರೆಯುವ ಅಂತರ ಹೆಚ್ಚಾದರೆ ಹಾಲು ಹೆಚ್ಚು, ಜಿಡ್ಡಿನ ಪ್ರಮಾಣ ಕಡಿಮೆ. ಮೊದಲು ಕರೆದ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯ ಹಾಲಿನಲ್ಲಿ ಹೆಚ್ಚು. ಕೊನೆಯ ಹಾಲನ್ನು ಕರುವಿಗೆ ಬಿಟ್ಟರೆ ಕ್ಯಾನಿಗೆ ಬರುವುದು ತೆಳು ಹಾಲು. ಇಷ್ಟು ಹೇಳಲು ಎರಡು ನಿಮಿಷ ಸಾಕು. ಹೇಳದೆ ಹೋದರೆ ಆ ಸದಸ್ಯ ಮನಸ್ಸಿನಲ್ಲೇ ಬೇರೆ ಲೆಕ್ಕ ಹಾಕುತ್ತಾನೆ: ಹಾಲು ಪರೀಕ್ಷಕನೇ ಏನೋ ಮಾಡುತ್ತಿದ್ದಾನೆ, ಯಂತ್ರವೇ ಸರಿಯಿಲ್ಲ. ಆ ಅನುಮಾನ ವಾರ್ಷಿಕ ಮಹಾಸಭೆಯಲ್ಲಿ ಜಗಳವಾಗಿ ಹೊರಬರುತ್ತದೆ. ಇಲ್ಲವೇ ಅವನ ಹಾಲು ಖಾಸಗಿಯವರ ಕ್ಯಾನಿಗೆ ಹೋಗುತ್ತದೆ. ಸಹಕಾರ ಸಂಘದಲ್ಲಿ ಸದಸ್ಯನೇ ಮಾಲೀಕ. ಮಾಲೀಕ ತನ್ನ ಹಾಲಿನ ಲೆಕ್ಕ ಕೇಳಿದರೆ ಅದು ಸಣ್ಣ ಪ್ರಶ್ನೆ ಆಗುವುದು ಹೇಗೆ?

ಈ ತಕರಾರು ನಮ್ಮಲ್ಲೇ ಹುಟ್ಟಿದ್ದಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ನಿಮ್ಮ ಮಗನನ್ನೋ ಮಗಳನ್ನೋ 'ಸ್ಟಾಕ್ ಓವರ್‌ಫ್ಲೋ' ಎಂದರೇನು ಎಂದು ಕೇಳಿ. 2008ರಲ್ಲಿ ಅಮೆರಿಕದಲ್ಲಿ ಶುರುವಾದ ಜಾಲತಾಣ ಅದು. ಪ್ರೋಗ್ರಾಂ ಬರೆಯುವವರು ಅಲ್ಲಿ ಪ್ರಶ್ನೆ ಹಾಕುತ್ತಾರೆ, ಬಲ್ಲವರು ಸಂಬಳವಿಲ್ಲದೆ ಉತ್ತರಿಸುತ್ತಾರೆ. ಮೊದಲೇ ಉತ್ತರ ಸಿಕ್ಕಿರುವ ಪ್ರಶ್ನೆ ಮತ್ತೆ ಬಂದರೆ ಹಿರಿಯ ಸದಸ್ಯರು ಮತ ಹಾಕಿ ಅದನ್ನು ಮುಚ್ಚುತ್ತಾರೆ, ಹಳೆಯ ಉತ್ತರ ಎಲ್ಲಿದೆ ಎಂದು ದಾರಿ ತೋರಿಸುತ್ತಾರೆ. ಈ ಕ್ರಮದಿಂದಲೇ ಆ ತಾಣದ ಉತ್ತರಗಳು ಇಡೀ ಜಗತ್ತಿಗೆ ಉಪಯೋಗವಾದವು. ಆದರೆ ಕ್ರಮ ಕಾಯುವುದು ಕೆಲವರಲ್ಲಿ ಗದರುವ ಅಭ್ಯಾಸವಾಯಿತು. ಹೊಸಬರಿಗೆ, ಹೆಣ್ಣುಮಕ್ಕಳಿಗೆ ಈ ಜಾಗ ಪರಕೀಯ ಎನಿಸುತ್ತಿದೆ ಎಂದು 2018ರಲ್ಲಿ ಆ ಕಂಪನಿಯೇ ಬಹಿರಂಗವಾಗಿ ಬರೆದುಕೊಂಡಿತು. 2022ರ ಕೊನೆಯಲ್ಲಿ ಯಾವ ಪ್ರಶ್ನೆಗೂ ಗದರದೆ ಉತ್ತರಿಸುವ ಚಾಟ್‌ಜಿಪಿಟಿ ಬಂದ ಮೇಲೆ ಅಲ್ಲಿ ಹೊಸ ಪ್ರಶ್ನೆ ಕೇಳುವವರ ಸಂಖ್ಯೆ ತೀರಾ ಇಳಿಯಿತು.

ನಮಗೆ ಇದರಲ್ಲಿ ಎರಡು ಪಾಠ ಇವೆ. ಹಳೆಯ ಉತ್ತರಕ್ಕೆ ದಾರಿ ತೋರಿಸುವುದು ಒಳ್ಳೆಯ ಕ್ರಮ, ಅದನ್ನು ಕಲಿಯೋಣ. ಎರಡನೆಯದು, ನಾವು ಬಾಗಿಲು ಹಾಕಿದರೆ ಪ್ರಶ್ನೆ ಸಾಯುವುದಿಲ್ಲ, ಬೇರೆ ಬಾಗಿಲಿಗೆ ಹೋಗುತ್ತದೆ. ನಮ್ಮ ಊರಿನಲ್ಲಿ ಆ ಬೇರೆ ಬಾಗಿಲು ಔಷಧಿ ಅಂಗಡಿ, ಇಲ್ಲವೇ ಯಾರೋ ಮಾಡಿದ ಯೂಟ್ಯೂಬ್ ವಿಡಿಯೋ. ಕೆಚ್ಚಲು ಬಾವಿಗೆ ಅಂಗಡಿಯವನು ಕೊಟ್ಟ ಆ್ಯಂಟಿಬಯೋಟಿಕ್ ಚುಚ್ಚಿಸಿ, ಎಷ್ಟು ದಿನ ಹಾಲು ಹಾಕಬಾರದು ಎಂದು ಕೇಳದೆ ಮರುದಿನವೇ ಡೇರಿಗೆ ತಂದರೆ, ಆ ಒಂದು ಕ್ಯಾನಿನ ಹಾಲು ಬಿಎಂಸಿಯಲ್ಲಿರುವ ಎಲ್ಲರ ಹಾಲಿಗೆ ಸೇರುತ್ತದೆ. ಕೇಳಲು ಹೆದರಿದವನು ಒಬ್ಬ, ನಷ್ಟ ಇಡೀ ಊರಿಗೆ.

ಹಾಗಾದರೆ ತಡೆಯಬೇಕಾದದ್ದು ಯಾವುದನ್ನು? ಸುಲಭದ ಪ್ರಶ್ನೆ ಬೇರೆ, ಅರ್ಧಂಬರ್ಧ ಪ್ರಶ್ನೆ ಬೇರೆ. ತೊಂದರೆ ಬರುವುದು ಎರಡನೆಯದರಿಂದ. "ಹಸು ಮೇವು ತಿನ್ನುತ್ತಿಲ್ಲ, ಏನು ಕುಡಿಸಲಿ?" ಎಂದಷ್ಟೇ ಬರೆದರೆ ಹತ್ತು ಜನ ಹತ್ತು ಮದ್ದು ಹೇಳುತ್ತಾರೆ. ಒಬ್ಬರು ಓಂಕಾಳು ಬೆಲ್ಲದ ಕಷಾಯ ಎನ್ನುತ್ತಾರೆ, ಇನ್ನೊಬ್ಬರು ಎಣ್ಣೆ ಎನ್ನುತ್ತಾರೆ. ಅದೇ ಪ್ರಶ್ನೆಯಲ್ಲಿ "ನಿನ್ನೆ ಕರು ಹಾಕಿದೆ, ಕಿವಿ ತಣ್ಣಗಿದೆ, ಏಳುತ್ತಿಲ್ಲ, ಕತ್ತು ಪಕ್ಕಕ್ಕೆ ಮಡಚಿದೆ" ಎಂಬ ಸಾಲು ಇದ್ದರೆ ಎಲ್ಲವೂ ಬದಲಾಗುತ್ತದೆ. ಅದು ಹಾಲು ಜ್ವರದ ಲಕ್ಷಣ. ಹೆಸರು ಜ್ವರ ಎಂದಿದ್ದರೂ ಮೈ ಬಿಸಿ ಇರುವುದಿಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುತ್ತದೆ. ಅಂಥ ಹಸುವಿಗೆ ಸರಿಯಾಗಿ ನುಂಗಲು ಆಗುವುದಿಲ್ಲ. ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಹೋಗಬಹುದು. ಅದಕ್ಕೆ ಬೇಕಾದದ್ದು ವೈದ್ಯರು ರಕ್ತನಾಳಕ್ಕೆ ನಿಧಾನವಾಗಿ ಕೊಡುವ ಕ್ಯಾಲ್ಸಿಯಂ, ಅದೂ ಕೆಲವೇ ಗಂಟೆಗಳೊಳಗೆ. ಆದ್ದರಿಂದ ಅರ್ಧ ಪ್ರಶ್ನೆಯನ್ನು ಅಳಿಸಬಾರದು. "ಅಣ್ಣಾ, ಕರು ಹಾಕಿ ಎಷ್ಟು ದಿನ ಆಯ್ತು? ಸಗಣಿ ಹೇಗಿದೆ?" ಎಂದು ಕೇಳಿ ಅದನ್ನು ಪೂರ್ತಿ ಮಾಡಿಸಬೇಕು.

ಅದೇ ರೀತಿ "ಇದಕ್ಕೆ ಆಗಲೇ ಉತ್ತರ ಕೊಟ್ಟಾಗಿದೆ" ಎನ್ನುವ ಮುಂಚೆಯೂ ಒಂದು ಕ್ಷಣ ನಿಲ್ಲಬೇಕು. "ಪಶು ಆಹಾರ ಎಷ್ಟು ಹಾಕಲಿ?" ಎಂಬುದಕ್ಕೆ ಹಸುವಿನ ಮೈ ಪೋಷಣೆಗೆ ಒಂದೂವರೆ ಎರಡು ಕೆ.ಜಿ., ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆ.ಜಿ. ಎಂಬ ಸಾಮಾನ್ಯ ಲೆಕ್ಕ ಇದೆ. ಆದರೆ ಹಸಿರು ಮೇವು ಧಾರಾಳವಾಗಿರುವ ಮನೆಯ ಲೆಕ್ಕವೇ ಬೇರೆ, ಬರೀ ರಾಗಿ ಹುಲ್ಲು ಹಾಕುವ ಮನೆಯ ಲೆಕ್ಕವೇ ಬೇರೆ. ಪ್ರಶ್ನೆ ಅದೇ ಇರಬಹುದು, ಹಸು ಅದೇ ಅಲ್ಲ.

ಇಷ್ಟರ ಮೇಲೆ ಪ್ರತಿ ಸಂಘವೂ ಸುಲಭವಾಗಿ ಪಾಲಿಸಬಹುದಾದ ಕ್ರಮ ಒಂದನ್ನು ಮುಂದಿಡುತ್ತೇನೆ.

ಒಂದು, ತುರ್ತು ವಿಷಯ ಗುಂಪಿಗೆ ಬೇಡವೇ ಬೇಡ. ಹೊಟ್ಟೆ ಉಬ್ಬರ, ಕರು ಅಡ್ಡ ಸಿಕ್ಕಿರುವುದು, ಕರು ಹಾಕಿದ ಹಸು ಏಳದಿರುವುದು, ಇವಕ್ಕೆ ನೇರವಾಗಿ ವೈದ್ಯರಿಗೆ ಇಲ್ಲವೇ 1962ಕ್ಕೆ ಫೋನ್ ಮಾಡಬೇಕು. ಈ ಸಂಖ್ಯೆಗಳು ಗುಂಪಿನ ಮೇಲ್ಭಾಗದಲ್ಲೂ ಡೇರಿಯ ಗೋಡೆಯ ಮೇಲೂ ಇರಲಿ.

ಎರಡು, ಕೇಳುವವರು ಆರು ವಿವರ ಬರೆಯಲಿ: ಹಸುವೋ ಎಮ್ಮೆಯೋ, ಎಷ್ಟನೇ ಸೂಲು, ಕರು ಹಾಕಿ ಎಷ್ಟು ದಿನ ಅಥವಾ ಗಬ್ಬ ಎಷ್ಟು ತಿಂಗಳು, ಹಾಲು ಎಷ್ಟಿತ್ತು, ಈಗ ಎಷ್ಟು, ತೊಂದರೆ ಯಾವಾಗಿನಿಂದ, ಈಗಾಗಲೇ ಏನು ಔಷಧಿ ಕೊಟ್ಟಿದ್ದೀರಿ.

ಮೂರು, ಔಷಧಿಯ ಹೆಸರು, ಪ್ರಮಾಣ ಹೇಳುವುದು ವೈದ್ಯರಿಗೆ ಮಾತ್ರ ಬಿಟ್ಟದ್ದು. ಅಳಿಸಲೇಬೇಕಾದ ಸಂದೇಶ ಇದ್ದರೆ ಅದು ಬೇರೆಯವರು ಬರೆದ ಇಂಜೆಕ್ಷನ್ ಹೆಸರು.

ನಾಲ್ಕು, ಒಂದೇ ಪ್ರಶ್ನೆ ಮೂರು ಸಲ ಬಂದರೆ ಅದನ್ನು ಸಂಘದ ಕೊರತೆ ಎಂದು ತಿಳಿಯೋಣ. ಕಾರ್ಯದರ್ಶಿಯವರು ಅದನ್ನು ಬರೆದಿಟ್ಟುಕೊಂಡು, ವೈದ್ಯರಿಂದ ಇಲ್ಲವೇ ವಿಸ್ತರಣಾಧಿಕಾರಿಗಳಿಂದ ನಾಲ್ಕು ಸಾಲಿನ ಉತ್ತರ ಬರೆಸಿ, ಹಾಲು ಹಾಕುವ ಜಾಗದ ಬೋರ್ಡಿನಲ್ಲಿ ಹಾಕಲಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು ಎಂಬ ಒಂದು ಸಾಲು ಬೋರ್ಡಿನಲ್ಲಿದ್ದರೆ ಎಷ್ಟೋ ಮನೆಗಳಲ್ಲಿ 21 ದಿನದ ಮೇವು ಉಳಿಯುತ್ತದೆ. ಮುಂದೆ ಯಾರಾದರೂ ಕೇಳಿದರೆ ಬೋರ್ಡಿನ ಫೋಟೋ ಕಳಿಸಿದರೆ ಸಾಕು. ಕೇಳಿದವರಿಗೂ ಉತ್ತರ ಸಿಕ್ಕಿತು, ಬಲ್ಲವರಿಗೂ ಬೇಸರವಿಲ್ಲ.

ಐದು, ಫೋನಿಲ್ಲದವರ ಪ್ರಶ್ನೆಗೂ ದಾರಿ ಇರಲಿ. ಕೊಟ್ಟಿಗೆಯಲ್ಲಿ ಹಸುವಿನ ಮೈ ಮುಟ್ಟಿ ನೋಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಗುಂಪಿನಲ್ಲಿರುವುದು ಗಂಡನದೋ ಮಗನದೋ ನಂಬರು. ಹಾಲು ಹಾಕಲು ಬಂದ ಅಕ್ಕಂದಿರು ಸಾಲಿನಲ್ಲಿ ನಿಂತು ಕೇಳಿದ್ದನ್ನು ಕಾರ್ಯದರ್ಶಿಯವರೇ ಗುಂಪಿಗೆ ಹಾಕಲಿ. ಕೇಳಿದವರ ಹೆಸರು ಬೇಕಾಗಿಲ್ಲ.

ಉತ್ತರ ಕೊಡುವ ಹಿರಿಯ ರೈತರಲ್ಲೂ ಒಂದು ವಿನಂತಿ. ನಿಮ್ಮ ಬೇಸರ ಅರ್ಥವಾಗುತ್ತದೆ. ದಿನವೂ ಉತ್ತರಿಸುವ ಹೊರೆ ಒಬ್ಬರ ಮೇಲೆ ಬೀಳದಂತೆ ನಾಲ್ಕೈದು ಜನ ವಾರಕ್ಕೊಬ್ಬರಂತೆ ಸರದಿ ಮಾಡಿಕೊಳ್ಳಿ. ಆದರೆ ನಗಬೇಡಿ. ಓದು ಮುಗಿಸಿ, ಪಟ್ಟಣದ ಕೆಲಸ ಬಿಟ್ಟು ಬಂದು ಎರಡು ಹಸು ಕಟ್ಟುವ ಹುಡುಗರು ಈಗ ಅಲ್ಲಲ್ಲಿ ಕಾಣುತ್ತಿದ್ದಾರೆ. ಮನೆಯಲ್ಲಿ ಹೇಳಿಕೊಡುವ ಅಜ್ಜ ಅಜ್ಜಿ ಅವರಿಗೆ ಇಲ್ಲದಿರಬಹುದು. ಅವರ ಪಾಲಿಗೆ ಆ ಜಾಗದಲ್ಲಿರುವವರು ನೀವೇ.

ಮುಂದಿನ ಆಡಳಿತ ಮಂಡಳಿ ಸಭೆಯ ವಿಷಯ ಪಟ್ಟಿಯಲ್ಲಿ ಇದನ್ನೂ ಒಂದಾಗಿ ಸೇರಿಸಿ. ಕಳೆದ ಒಂದು ತಿಂಗಳಲ್ಲಿ ನಿಮ್ಮ ಗುಂಪಿನಲ್ಲಿ ಮತ್ತೆ ಮತ್ತೆ ಬಂದ ಹತ್ತು ಪ್ರಶ್ನೆಗಳನ್ನು ಪಟ್ಟಿ ಮಾಡಿ. ಆ ಹತ್ತಕ್ಕೆ ಉತ್ತರ ನಿಮ್ಮ ಡೇರಿಯ ಗೋಡೆಯ ಮೇಲೆ ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿದವರ ಮೇಲೆ ಸಿಟ್ಟಾಗುವ ಬದಲು ಸುಣ್ಣ ಬಳಿದು ಬರೆಸಲು ಶುರು ಮಾಡಿ.